ಮೀನು ಹೊರುವ ಪಿಕಪ್‌ನ ಚಾಸಿಸ್‌ ತುಕ್ಕು ತಿನ್ನದಂತೆ ಕಾಪಾಡುವುದು ಹೇಗೆ

ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಿಂದ ಮೀನು ಸಾಗಿಸುವ ಪಿಕಪ್‌ಗಳಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಚಾಸಿಸ್ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಕೈಕೊಡುತ್ತದೆ. ಅದೇ ಮಾಡೆಲ್‌ನ ಗಾಡಿ ಹಾಸನದಲ್ಲೋ ಚಿತ್ರದುರ್ಗದಲ್ಲೋ ತರಕಾರಿ ಹೊರುತ್ತಿದ್ದರೆ ಅಡಿಭಾಗ ವರ್ಷಾನುಗಟ್ಟಲೆ ಚೆನ್ನಾಗಿರುತ್ತದೆ. ಹೆಚ್ಚಿನವರು ಇದನ್ನು ಮಳೆಯ ತಲೆಗೆ ಕಟ್ಟುತ್ತಾರೆ. ಆದರೆ ಕಬ್ಬಿಣವನ್ನು ತಿನ್ನುವುದರಲ್ಲಿ ಮಳೆಗಿಂತ ದೊಡ್ಡ ಪಾಲು ಉಪ್ಪಿನದು.

ಸಾದಾ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದ ಕೂಡಲೇ ತಾನಾಗಿಯೇ ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 33ರ ಆಸುಪಾಸಿನ ತೇವವೇ ಸಾಕು. ಹಾಗಾಗಿ ಚಾಸಿಸ್‌ನ ಎರಡು ಉದ್ದ ತೊಲೆಗಳ, ಅಂದರೆ ಚಾನೆಲ್‌ಗಳ, ಒಳಗೆ ಕೂತ ಉಪ್ಪುಮಣ್ಣು ಬಿಸಿಲಿನ ದಿನವೂ ಪೂರ್ತಿ ಒಣಗುವುದಿಲ್ಲ. ಅದರ ಮೇಲೆ ಎಷ್ಟೇ ಬೆಲೆಬಾಳುವ ಕೋಟಿಂಗ್ ಹೊಡೆಸಿದರೂ ಉಪ್ಪು ಮತ್ತು ನೀರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ ಅಷ್ಟೆ. ಮೊದಲು ಉಪ್ಪು ತೆಗೆಯಬೇಕು, ಆಮೇಲೆ ಒಣಗಿಸಬೇಕು, ಕೊನೆಗೆ ಮುಚ್ಚಬೇಕು. ಈ ಕ್ರಮ ತಪ್ಪಿದರೆ ಖರ್ಚು ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ.

ತೊಳೆಯುವುದು

ತೊಳೆಯುವ ನೀರು ಸಿಹಿನೀರೇ ಆಗಿರಬೇಕು. ಕಡಲತೀರದ ಬಾವಿ, ಬೋರ್‌ವೆಲ್‌ಗಳಿಗೆ ಮಾರ್ಚ್–ಮೇ ತಿಂಗಳಲ್ಲಿ ಉಪ್ಪುನೀರು ನುಗ್ಗುತ್ತದೆ. ಆ ನೀರಲ್ಲಿ ತೊಳೆದರೆ ಕೆಸರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬಾಯಿಗೆ ಹಾಕಿಕೊಂಡಾಗ ಚೂರು ಉಪ್ಪೆನಿಸಿದರೂ ಆ ನೀರು ಬೇಡ. ಘಟ್ಟದ ಮೇಲಕ್ಕೆ ಲೋಡ್ ಹೋದಾಗ ಅಲ್ಲೇ ಖಾಲಿ ಗಾಡಿಯನ್ನು ವಾಟರ್ ಸರ್ವೀಸ್ ಮಾಡಿಸಿಕೊಂಡು ಇಳಿಯುವುದು ಸುಲಭದ ದಾರಿ.

ಪ್ರೆಶರ್ ಗನ್ ಅನ್ನು ಬೀಸಣಿಗೆಯಂತೆ ಹರಡುವ ನಾಜಲ್ ಹಾಕಿ ಒಂದಡಿ ದೂರದಿಂದ ಹಿಡಿಯಿರಿ. ಹತ್ತಿರ ಹಿಡಿದರೆ ಚೆನ್ನಾಗಿರುವ ಪೇಂಟೂ ಎದ್ದು ಬರುತ್ತದೆ. ವೀಲ್ ಬೇರಿಂಗ್ ಸೀಲ್, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ವೈರಿಂಗ್ ಕಪ್ಲರ್, ಹಿಂದಿನ ಆಕ್ಸಲ್ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡುವ ತೂತು), ಈ ನಾಲ್ಕರ ಮೇಲೆ ನೇರ ಜೆಟ್ ಬಿಡಬಾರದು. ಗನ್‌ಗಿಂತ ಹೆಚ್ಚು ಕೆಲಸ ಮಾಡುವುದು ಮಾಮೂಲಿ ತೋಟದ ಪೈಪು. ಚಾಸಿಸ್ ಬಾಕ್ಸ್ ಮಾದರಿಯದಾಗಿದ್ದರೆ ಪಕ್ಕದ ರಂಧ್ರಗಳಲ್ಲಿ ಪೈಪಿನ ತುದಿ ತೂರಿಸಿ, ಕೆಳಗಿನ ಡ್ರೈನ್ ತೂತುಗಳಿಂದ ಹೊರಬರುವ ನೀರು ತಿಳಿಯಾಗುವ ತನಕ ಬಿಡಿ. ಮೊದಲು ಕಪ್ಪು ಕೆಸರು ಬರುತ್ತದೆ, ಆಮೇಲೆ ತುಕ್ಕಿನ ಕೆಂಪು, ಕೊನೆಗೆ ತಿಳಿನೀರು. ಏನೂ ಬರಲಿಲ್ಲವೆಂದರೆ ತೂತು ಕಟ್ಟಿಕೊಂಡಿದೆ ಎಂದರ್ಥ. ಗಟ್ಟಿ ತಂತಿಯಿಂದ ಚುಚ್ಚಿ ಬಿಡಿಸಿಕೊಳ್ಳಿ. ಚಾನೆಲ್ ‘ಸಿ’ ಆಕಾರದ್ದಾದರೆ ಒಳಮಗ್ಗುಲಿನ ಕೆಳತುಟಿಯ ಮೇಲೆ ಮಣ್ಣು ಸಾಲಾಗಿ ಕೂತಿರುತ್ತದೆ. ಅದನ್ನು ಕೈಹಾಕಿ ಕೆರೆದೇ ತೆಗೆಯಬೇಕು.

ಮೀನಿನ ನೀರಿನಲ್ಲಿ ಉಪ್ಪಿನ ಜೊತೆ ರಕ್ತ, ಲೋಳೆ, ಎಣ್ಣೆಯೂ ಇರುತ್ತದೆ. ಭೂತಾಯಿ, ಬಂಗುಡೆ ಮೀನು ಹೊತ್ತ ಗಾಡಿಯಲ್ಲಂತೂ ಎಣ್ಣೆ ಜಾಸ್ತಿ. ಬರೀ ನೀರಿಗೆ ಇದು ಜಗ್ಗುವುದಿಲ್ಲ. ಗಾಡಿ ತೊಳೆಯುವ ಶ್ಯಾಂಪೂ ಹಾಕಿ, ಐದು ನಿಮಿಷ ಬಿಟ್ಟು, ಬ್ರಷ್‌ನಿಂದ ಉಜ್ಜಿ, ಧಾರಾಳವಾಗಿ ಜಾಲಾಡಿಸಿ. ವಾಸನೆ ಹೋಗಲೆಂದು ಬ್ಲೀಚಿಂಗ್ ಪೌಡರ್ ಎರಚುವ ರೂಢಿ ಹಲವು ಕಡೆ ಇದೆ. ಕಬ್ಬಿಣಕ್ಕೆ ಅದು ಸಮುದ್ರದ ನೀರಿಗಿಂತ ಕೆಟ್ಟದ್ದು. ಕ್ರೇಟ್‌ಗಳನ್ನು ಕೆಳಗಿಳಿಸಿ ಬೇರೆ ಕಡೆ ಬ್ಲೀಚಿಂಗ್‌ನಲ್ಲಿ ತೊಳೆಯಿರಿ, ಬಾಡಿಯೊಳಗೆ ಮಾತ್ರ ಬೇಡ.

ಎಲ್ಲಿ ನೋಡಬೇಕು

ತೊಳೆದು ಒಂದು ದಿನ ಬಿಸಿಲಿಗೆ ನಿಲ್ಲಿಸಿದ ಮೇಲೆ ಗಾಡಿಯನ್ನು ಹೊಂಡದ ಮೇಲೆ ನಿಲ್ಲಿಸಿ, ಇಲ್ಲವೇ ಜಾಕ್ ಏರಿಸಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ತುಕ್ಕು ತಿಂದ ಚಾಸಿಸ್‌ಗೆ ಜಾಕ್ ಕೊಟ್ಟ ಜಾಗವೇ ಕುಸಿದು ಒಳಗೆ ಹೋಗಬಹುದು. ಟೈರ್‌ಗಳಿಗೆ ಎರಡೂ ಕಡೆ ಅಡೆ ಕೊಡಿ.

ಕೈಯಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್ ಇರಲಿ. ಗಟ್ಟಿ ಕಬ್ಬಿಣಕ್ಕೆ ಸುತ್ತಿಗೆಯಿಂದ ಬಡಿದರೆ ‘ಠಣ್’ ಎನ್ನುತ್ತದೆ. ಪದರ ಬಿಟ್ಟ ಕಬ್ಬಿಣದ ಸದ್ದು ಮಂಕು, ಬಡಿದಾಗ ಚೂರು ಉದುರುತ್ತದೆ. ಮೊದಲು ನೋಡಬೇಕಾದ್ದು ಹಿಂದಿನ ಲೀಫ್ ಪ್ಲೇಟ್‌ನ ಎರಡು ತುದಿ ಹಿಡಿದಿರುವ ಹ್ಯಾಂಗರ್ ಮತ್ತು ಶ್ಯಾಕಲ್ ಬ್ರ್ಯಾಕೆಟ್ ಚಾಸಿಸ್‌ಗೆ ಕೂಡುವ ಜಾಗ. ಇಡೀ ಲೋಡು ಬೀಳುವುದು ಇಲ್ಲಿ, ಟೈರ್ ಎರಚುವ ಕೆಸರು ಬಂದು ಕೂರುವುದೂ ಇಲ್ಲೇ. ಎರಡು ದಪ್ಪ ತಗಡುಗಳ ನಡುವೆ ತುಕ್ಕು ಬೆಳೆದರೆ ಅದು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ತಗಡುಗಳನ್ನು ಬಿರಿಯಿಸಿ ರಿವೆಟ್‌ಗಳನ್ನು ಎಳೆದು ಸಡಿಲ ಮಾಡುತ್ತದೆ. ಬ್ರ್ಯಾಕೆಟ್ ಮತ್ತು ಚಾನೆಲ್ ನಡುವೆ ಬೆಳಕು ಕಾಣುವಷ್ಟು ಸಂದು ಬಿದ್ದಿದ್ದರೆ ಪೇಂಟಿನ ಮಾತು ಬಿಟ್ಟು ಚಾಸಿಸ್ ಕೆಲಸ ಗೊತ್ತಿರುವವರ ಬಳಿ ಹೋಗಿ.

ಎರಡನೆಯದು ಮೇಲಿಂದ ಕಾಣದ ಜಾಗ: ಚಾಸಿಸ್‌ನ ಮೇಲ್ತುಟಿ ಮತ್ತು ಬಾಡಿಯ ನಡುವಿನ ಮರದ ಪ್ಯಾಕಿಂಗ್. ಬಾಡಿಯ ಭಾರ ಹಂಚಲು ಇಡುವ ಈ ಮರ ಮೀನಿನ ನೀರನ್ನು ಹೀರಿ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಪಕ್ಕ, ಅಡಿ ಎಲ್ಲ ಕಪ್ಪಗೆ ಹೊಳೆಯುತ್ತಿದ್ದರೂ ಮರ ಎತ್ತಿದರೆ ಕೆಳಗೆ ಹಪ್ಪಳದಂತೆ ಪದರ ಬಿಟ್ಟ ಕಬ್ಬಿಣ ಕಾಣುತ್ತದೆ. ಯು ಬೋಲ್ಟ್ ಬಿಗಿಯುವಾಗ ಚಾನೆಲ್ ಮಡಚದಿರಲೆಂದು ಒಳಗೆ ತುರುಕಿದ ಮರದ ತುಂಡುಗಳ ಹಿಂದೆಯೂ ಇದೇ ಕಥೆ. ಉಳಿದಂತೆ ಹಿಂದಿನ ಕಟ್ಟಕಡೆಯ ಕ್ರಾಸ್ ಮೆಂಬರ್ (ಎರಡು ಚಾನೆಲ್‌ಗಳನ್ನು ಕೂಡಿಸುವ ಅಡ್ಡತೊಲೆ), ಸ್ಟೆಪ್ನಿ ತೂಗುವ ಬ್ರ್ಯಾಕೆಟ್, ಡೀಸೆಲ್ ಟ್ಯಾಂಕಿನ ಪಟ್ಟಿಯ ಅಡಿ, ಬ್ಯಾಟರಿ ಟ್ರೇ, ಕ್ಯಾಬಿನ್ ಮೌಂಟಿಂಗ್, ಫುಟ್‌ಬೋರ್ಡ್.

ಬ್ರೇಕ್ ಪೈಪನ್ನು ಮರೆಯಬಾರದು. ಚಾಸಿಸ್ ಉದ್ದಕ್ಕೂ ಹೋಗುವ ಈ ಸಣ್ಣ ಕಬ್ಬಿಣದ ಪೈಪು ಕ್ಲಿಪ್ ಹಾಕಿದ ಜಾಗದಲ್ಲೇ ತೂತಾಗುತ್ತದೆ. ಕ್ಲಿಪ್ ಬಿಚ್ಚಿ ಬಟ್ಟೆಯಿಂದ ಒರೆಸಿ ನೋಡಿ. ಮೇಲ್ಮೈ ಗುಳಿಬಿದ್ದಿದ್ದರೆ ಉಜ್ಜುವುದು, ಪೇಂಟ್ ಹೊಡೆಯುವುದು ಬೇಡ, ಪೈಪನ್ನೇ ಬದಲಿಸಿ. ತಾಮ್ರ–ನಿಕ್ಕಲ್ ಮಿಶ್ರಲೋಹದ ಪೈಪು ಸಿಕ್ಕರೆ ಉಪ್ಪಿಗೆ ಅದು ಎಷ್ಟೋ ಮೇಲು.

ತುಕ್ಕು ತೆಗೆಯುವುದು

ಗಟ್ಟಿಯಾಗಿ ಅಂಟಿಕೊಂಡಿರುವ ಕಂಪನಿ ಪೇಂಟನ್ನು ಕೆರೆಯಬೇಡಿ. ಆ ಪದರದಂಥದ್ದನ್ನು ನಾವು ಮತ್ತೆ ಹೊಡೆಯಲಾರೆವು. ತುಕ್ಕು ಬಂದ ಜಾಗ ಮತ್ತು ಅದರ ಸುತ್ತಲಿನ ಒಂದೆರಡು ಇಂಚು ಮಾತ್ರ ನಮ್ಮ ಕೆಲಸ. ಪದರು ತುಕ್ಕನ್ನು ಮೊದಲು ಸುತ್ತಿಗೆ ಮತ್ತು ಚಪ್ಪಟೆ ಉಳಿಯಿಂದ ಉದುರಿಸಿ, ಆಮೇಲೆ 4 ಇಂಚಿನ ಗ್ರೈಂಡರ್‌ಗೆ ವೈರ್ ಕಪ್ ಹಾಕಿ. ಕಪ್ ಮೇಲೆ ಬರೆದಿರುವ ವೇಗ ಗ್ರೈಂಡರ್‌ನ ವೇಗಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ತಂತಿ ಕಿತ್ತುಬಂದು ಮುಖಕ್ಕೆ ಹೊಡೆಯುತ್ತದೆ. ಕನ್ನಡಕ, ಮಾಸ್ಕ್, ಉದ್ದ ತೋಳಿನ ಅಂಗಿ ಕಡ್ಡಾಯ. ಡೀಸೆಲ್ ಟ್ಯಾಂಕ್ ಮತ್ತು ಫ್ಯುಯಲ್ ಪೈಪಿನ ಪಕ್ಕ ಗ್ರೈಂಡರ್ ಬೇಡ, ಅಲ್ಲಿ ಕೈಬ್ರಷ್ ಮತ್ತು ಎಮರಿ ಪೇಪರ್ ಸಾಕು. ವೈರ್ ಕಪ್‌ನದು ಇನ್ನೊಂದು ತೊಂದರೆ ಇದೆ. ಒತ್ತಿ ಹಿಡಿದರೆ ಅದು ತುಕ್ಕನ್ನು ತೆಗೆಯುವ ಬದಲು ಉಜ್ಜಿ ಹೊಳಪು ಮಾಡುತ್ತದೆ. ಕಂದು ಬಣ್ಣದಲ್ಲಿ ಮಿರುಗುವ ಜಾಗ ಕಬ್ಬಿಣವಲ್ಲ, ಪಾಲಿಶ್ ಆದ ತುಕ್ಕು. ಅಲ್ಲಿ 80 ನಂಬರ್ ಎಮರಿ ಹಾಕಿ ಗೀರು ಬೀಳುವಂತೆ ತಿಕ್ಕಿ. ಪೇಂಟ್ ಹಿಡಿಯಲು ಗೀರು ಬೇಕು. ಹಳೆಯ ಪೇಂಟಿನ ಅಂಚನ್ನು 120, 180ರಲ್ಲಿ ಇಳಿಜಾರು ಮಾಡಿ.

ಒಂದು ಎಚ್ಚರಿಕೆ: ಚಾಸಿಸ್ ನಂಬರ್ ಪಂಚ್ ಮಾಡಿರುವ ಜಾಗದ ಹತ್ತಿರ ಗ್ರೈಂಡರ್ ಒಯ್ಯಲೇಬಾರದು. ನಂಬರ್ ಮಾಸಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಅನುಮಾನಕ್ಕೆ ಕಾರಣ, ಮತ್ತೆ ಪಂಚ್ ಮಾಡಿಸಲು ಆರ್‌ಟಿಒ ಅನುಮತಿ ಬೇಕು. ಅಲ್ಲಿ ಕೈಯಿಂದ ಮೆಲ್ಲಗೆ ಒರೆಸಿ, ಗ್ರೀಸ್ ಅಥವಾ ಪಾರದರ್ಶಕ ವ್ಯಾಕ್ಸ್ ಹಚ್ಚಿಡಿ.

ತುಕ್ಕು ತೆಗೆದ ಮೇಲೆ ಮತ್ತೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಗುಳಿಗಳ ತಳದಲ್ಲಿ ಉಪ್ಪು ಅಡಗಿರುವುದರಿಂದ ಈ ಎರಡನೇ ತೊಳೆತವೇ ಮುಖ್ಯ. ಒಣಗಿಸಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಟಾರ್ಚ್ ಹಾಕಿ ನೋಡಿ. ಗುಳಿಗಳಲ್ಲಿ ಸೂಜಿಮೊನೆಯಷ್ಟು ಹನಿಗಳು ಕಪ್ಪಾಗಿ ಬೆವೆತಂತೆ ನಿಂತಿದ್ದರೆ ಉಪ್ಪು ಇನ್ನೂ ಇದೆ. ತೊಳೆದು ಉಜ್ಜುವುದನ್ನು ಮತ್ತೆ ಮಾಡಬೇಕು. ಇಡೀ ಮೇಲ್ಮೈಗೆ ಸಮನಾಗಿ ತೆಳು ಕೇಸರಿ ಬಣ್ಣ ಬಂದಿದ್ದರೆ ಅದು ಬರೀ ತೇವದ್ದು, ಒಮ್ಮೆ ಎಮರಿ ಆಡಿಸಿದರೆ ಹೋಗುತ್ತದೆ.

ಪ್ರೈಮರ್, ಪೇಂಟ್

ಹೊರಗಿನಿಂದ ಕೈಗೆ ಸಿಗುವ ಜಾಗಕ್ಕೆ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಜಿಂಕ್ ಫಾಸ್ಫೇಟ್ ಇರುವುದು, ಒಳ್ಳೆಯದು. ರೆಡ್ ಆಕ್ಸೈಡ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ಮೇಲೆ ಪೇಂಟ್ ಇಲ್ಲದೆ ಬಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ. ರೆಡ್ ಆಕ್ಸೈಡ್ ಹೊಡೆದು ‘ಆಯ್ತು’ ಎಂದು ರಸ್ತೆಗಿಳಿದ ಗಾಡಿಗಳು ಒಂದೇ ಮಳೆಗಾಲದಲ್ಲಿ ಮತ್ತೆ ಕೆಂಪಾಗುತ್ತವೆ. ಜಿಂಕ್ ಹೆಚ್ಚಿರುವ ಬೂದುಬಣ್ಣದ ಪ್ರೈಮರ್ ಕೆಲಸ ಮಾಡಬೇಕಾದರೆ ಸತು ನೇರವಾಗಿ ಬರಿ ಕಬ್ಬಿಣಕ್ಕೆ ತಾಗಬೇಕು. ತುಕ್ಕಿನ ಮೇಲೋ ಹಳೆ ಪೇಂಟಿನ ಮೇಲೋ ಹೊಡೆದರೆ ಅದು ಬರೀ ಬೂದು ಬಣ್ಣ.

ಗುಳಿಯೊಳಗೆ ತೆಗೆಯಲಾಗದ ತುಕ್ಕು ಉಳಿದಿದ್ದರೆ ಅಲ್ಲಿಗೆ ಮಾತ್ರ ರಸ್ಟ್ ಕನ್ವರ್ಟರ್ ಹಚ್ಚಿ. ಟ್ಯಾನಿಕ್ ಅಥವಾ ಫಾಸ್ಫರಿಕ್ ಆಮ್ಲ ಇರುವ ಈ ದ್ರವ ತೆಳು ತುಕ್ಕನ್ನು ಕಪ್ಪು ಪದರವಾಗಿ ಬದಲಿಸುತ್ತದೆ. ದಪ್ಪ ಪದರಿನ ಮೇಲೆ ಹಚ್ಚಿದರೆ ಮೇಲಷ್ಟೇ ಕಪ್ಪಾಗಿ ಒಳಗೆ ತುಕ್ಕು ಮುಂದುವರಿಯುತ್ತದೆ. ಎಣ್ಣೆ ಇರುವಲ್ಲಿ ಅದು ಹಿಡಿಯುವುದೂ ಇಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟ ಮೇಲೇ ಪ್ರೈಮರ್.

ಎಷ್ಟು ಬೇಕು? ಸಣ್ಣ ಪಿಕಪ್‌ನ ಚಾನೆಲ್ ಒಂದೊಂದು ಸುಮಾರು ನಾಲ್ಕೂವರೆ ಮೀಟರ್ ಉದ್ದ. ಒಳಹೊರಗು ಸೇರಿದರೆ ಸುತ್ತಳತೆ ಅರ್ಧ ಮೀಟರ್. ಎರಡು ಚಾನೆಲ್‌ಗೆ ನಾಲ್ಕೂವರೆ, ಕ್ರಾಸ್ ಮೆಂಬರ್, ಬ್ರ್ಯಾಕೆಟ್‌ಗಳಿಗೆ ಎರಡು, ಒಟ್ಟು ಆರೂವರೆ ಚದರ ಮೀಟರ್. ಬ್ರಷ್‌ನಲ್ಲಿ ಹೊಡೆದರೆ ಲೀಟರಿಗೆ ಆರೇಳು ಚದರ ಮೀಟರ್ ಬರುತ್ತದೆ. ಎರಡು ಕೋಟು ಪ್ರೈಮರ್‌ಗೆ 2 ಲೀಟರ್, ಎರಡು ಕೋಟು ಕಪ್ಪು ಟಾಪ್‌ಕೋಟ್‌ಗೆ 2 ಲೀಟರ್ ಇಟ್ಟುಕೊಳ್ಳಿ. ಸ್ಪ್ರೇ ಮಾಡಿದರೆ ಗಾಳಿಗೆ ಹೋಗುವ ಪಾಲು ಹೆಚ್ಚು, ಅರ್ಧ ಲೀಟರ್ ಜಾಸ್ತಿ ಬೇಕು. ಮೊದಲ ಕೋಟನ್ನು ಬ್ರಷ್‌ನಿಂದಲೇ ತಿಕ್ಕಿ ಹೊಡೆಯುವುದು ಲೇಸು, ಗುಳಿಗಳ ತಳಕ್ಕೆ ಇಳಿಯುತ್ತದೆ. ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ತಲೆಗಳಿಗೆ ಪ್ರತ್ಯೇಕವಾಗಿ ಒಂದು ಕೈ ಮೊದಲೇ ಹಚ್ಚಿ. ಚೂಪು ಅಂಚಿನಲ್ಲಿ ಹಸಿ ಪೇಂಟ್ ಹಿಂದಕ್ಕೆ ಸರಿಯುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯಲ್ಲಿ ಹೇಳಿದ ಅಳತೆಗೆ ಸರಿಯಾಗಿ ಬೆರೆಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು, ಅಳತೆ ಮೀರಿದ್ದು ಅಂಟಂಟಾಗಿಯೇ ಉಳಿಯುತ್ತದೆ. ಹಳೆಯ ಪೇಂಟ್ ಮೇಲೆ ಹೊಡೆಯುವ ಮುನ್ನ ಥಿನ್ನರ್ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಹಳೆಯದು ಮೆತ್ತಗಾಗಿ ಬಟ್ಟೆಗೆ ಬಂದರೆ ಅದರ ಮೇಲೆ ಎಪಾಕ್ಸಿ ಹೊಡೆದಾಗ ಸುಕ್ಕುಗಟ್ಟುತ್ತದೆ. ಆ ಪೇಂಟನ್ನು ತೆಗೆದೇ ಮುಂದುವರಿಯಬೇಕು.

ಹವೆ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ತೇವಾಂಶ ಶೇ 85ರೊಳಗಿರಬೇಕು, ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಕರಾವಳಿಯಲ್ಲಿ ಇದು ಸಲೀಸಾಗಿ ಸಿಗುವುದು ಡಿಸೆಂಬರ್‌ನಿಂದ ಫೆಬ್ರವರಿ ತನಕ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ. ಸಂಜೆ ಹೊಡೆದ ಪೇಂಟಿನ ಮೇಲೆ ರಾತ್ರಿ ಇಬ್ಬನಿ ಕೂತರೆ ಮೇಲ್ಮೈ ಬಿಳಿಚಿಕೊಳ್ಳುತ್ತದೆ, ಹಿಡಿತ ಹೋಗುತ್ತದೆ. ಎಪಾಕ್ಸಿ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು, ಅಲ್ಲಿಯ ತನಕ ಮೀನಿನ ಲೋಡ್ ಬೇಡ.

ಪೇಂಟ್ ತಾಗಬಾರದ ಜಾಗಗಳನ್ನು ಮೊದಲೇ ಕವರ್, ಟೇಪ್ ಸುತ್ತಿ ಮುಚ್ಚಿ: ಬ್ರೇಕ್ ಡ್ರಮ್ ಮತ್ತು ಡಿಸ್ಕ್, ಸೈಲೆನ್ಸರ್, ರಬ್ಬರ್ ಬುಷ್, ಹ್ಯಾಂಡ್‌ಬ್ರೇಕ್ ಕೇಬಲ್, ಲೋಡ್ ಸೆನ್ಸಿಂಗ್ ವಾಲ್ವ್‌ನ ಲಿವರ್, ಅರ್ಥಿಂಗ್ ವೈರ್ ಕೂಡುವ ಬೋಲ್ಟ್, ಗ್ರೀಸ್ ನಿಪ್ಪಲ್. ಲೀಫ್ ಪ್ಲೇಟ್‌ಗಳ ನಡುವೆ ಪೇಂಟ್ ಇಳಿಸಬೇಡಿ, ಅಲ್ಲಿಗೆ ಗ್ರಾಫೈಟ್ ಗ್ರೀಸ್.

ಒಳಗಿನ ಪೊಳ್ಳು

ಬಾಕ್ಸ್ ಚಾಸಿಸ್, ಮುಚ್ಚಿದ ಕ್ರಾಸ್ ಮೆಂಬರ್, ಕ್ಯಾಬಿನ್ ಸಿಲ್‌ಗಳ ಒಳಗೆ ಬ್ರಷ್ ಹೋಗುವುದಿಲ್ಲ. ಗಾಡಿ ಮುರಿಯುವುದು ಹೆಚ್ಚಾಗಿ ಒಳಗಿಂದ ಹೊರಗೆ ತುಕ್ಕು ಬಂದಾಗ. ಇಲ್ಲಿಗೆ ಬೇಕಾದ್ದು ಹರಿದು ಸಂದಿಗೆ ಇಳಿಯುವ, ಒಣಗಿ ಬಿರುಕು ಬಿಡದ ಕ್ಯಾವಿಟಿ ವ್ಯಾಕ್ಸ್ ಅಥವಾ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಇರುವ ಸ್ಪ್ರೇ. ಸುತ್ತಲೂ ಚಿಮ್ಮುವ ತಲೆಯ ಉದ್ದನೆಯ ಕೊಳವೆಯನ್ನು ಒಳತುದಿಯ ತನಕ ತೂರಿಸಿ, ಸ್ಪ್ರೇ ಒತ್ತಿ ಹಿಡಿದು ನಿಧಾನ ಹಿಂದಕ್ಕೆ ಎಳೆಯಿರಿ. ಡ್ರೈನ್ ತೂತಿನಿಂದ ತೊಟ್ಟಿಕ್ಕಲು ಶುರುವಾದರೆ ಆ ಭಾಗ ತುಂಬಿತು. ಪೊಳ್ಳುಗಳಿಗೆ ಎರಡು ಲೀಟರ್, ಅಡಿಭಾಗಕ್ಕೂ ಸೇರಿಸಿದರೆ ನಾಲ್ಕೈದು ಲೀಟರ್ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ತೂತುಗಳನ್ನು ತಂತಿಯಿಂದ ಮತ್ತೆ ಬಿಡಿಸಿ. ವ್ಯಾಕ್ಸ್ ಕಟ್ಟಿಕೊಂಡ ತೂತು ಮಣ್ಣು ಕಟ್ಟಿಕೊಂಡದ್ದರಷ್ಟೇ ಅಪಾಯ. ಹೊರಮೈಯ ವ್ಯಾಕ್ಸ್ ವರ್ಷಕ್ಕೊಮ್ಮೆ, ಮೇ ಎರಡನೇ ವಾರದೊಳಗೆ ಮತ್ತೆ ಹೊಡೆಯಬೇಕು.

ಕಾರುಗಳಿಗೆ ಹೊಡೆಯುವ ದಪ್ಪ ರಬ್ಬರ್ ಕೋಟಿಂಗ್ ಕಲ್ಲು ಬಡಿಯುವ ವೀಲ್ ಆರ್ಚ್, ಕ್ಯಾಬಿನ್ ಅಡಿಗೆ ಸರಿ, ಅದೂ ಹೊಸ ಗಾಡಿಗೆ. ತುಕ್ಕು ಬಂದ ಚಾಸಿಸ್‌ಗೆ ಮಾತ್ರ ಬೇಡವೇ ಬೇಡ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಉಪ್ಪುನೀರು ಅದರ ಹಿಂದೆ ಸೇರಿಕೊಳ್ಳುತ್ತದೆ. ಮೇಲೆ ಕಪ್ಪು ಹೊದಿಕೆ ಹಾಗೇ ಇದ್ದು ಒಳಗೆ ಕಬ್ಬಿಣ ಪುಡಿಯಾಗುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಅಡಿಗೆ ಹೊಡೆಯುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಅದು ಸ್ವಲ್ಪ ದಿನ ನೀರನ್ನು ದೂರ ಇಡುವುದು ನಿಜ. ಆದರೆ ರಬ್ಬರ್ ಬುಷ್‌ಗಳು ಊದಿ ಮೆತ್ತಗಾಗುತ್ತವೆ, ಧೂಳು ಅಂಟಿ ಮಣ್ಣಿನ ಪದರ ಕಟ್ಟುತ್ತದೆ, ಮುಂದೆ ಪೇಂಟ್ ಹೊಡೆಯಲು ಹೋದರೆ ಹಿಡಿಯುವುದಿಲ್ಲ. ಮೊದಲ ಮಳೆಗೇ ತೊಳೆದು ತೋಡಿಗೋ ಗದ್ದೆಗೋ ಸೇರುತ್ತದೆ. ಬಳಸಿದ ಎಂಜಿನ್ ಆಯಿಲ್ ಚರ್ಮಕ್ಕೂ ಒಳ್ಳೆಯದಲ್ಲ. ಅಷ್ಟೇ ಕೆಲಸಕ್ಕೆ ಆಯಿಲ್ ಕಂಪನಿಗಳು ಕಾರ್ಖಾನೆಗಳಿಗೆಂದು ಮಾಡುವ ರಸ್ಟ್ ಪ್ರಿವೆಂಟಿವ್ ಆಯಿಲ್ ಇದೆ. ಒಂದು ಬಕೆಟ್ ತಂದು ನಾಲ್ಕು ಗಾಡಿಯವರು ಹಂಚಿಕೊಂಡರೆ ದುಬಾರಿ ಅನ್ನಿಸುವುದಿಲ್ಲ.

ನೀರು ಬೀಳುವುದನ್ನೇ ನಿಲ್ಲಿಸುವುದು

ಇಷ್ಟೆಲ್ಲ ಮಾಡಿ ಬಾಡಿಯ ಸಂದಿಯಿಂದ ಮೀನಿನ ನೀರು ಚಾಸಿಸ್ ಮೇಲೆ ಸುರಿಯಲು ಬಿಟ್ಟರೆ ಪ್ರಯೋಜನವಿಲ್ಲ. ಫ್ಲೋರ್ ಶೀಟ್‌ನ ಜೋಡಣೆಗಳಿಗೆ ಪೂರ್ತಿ ವೆಲ್ಡ್ ಮಾಡಿಸಿ, ಪಕ್ಕಗಳ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿಸಿ. ಹಿಂದಿನ ಒಂದು ಮೂಲೆಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು, ಅಲ್ಲಿಂದ ಒಂದೂವರೆ ಇಂಚಿನ ಪೈಪು ಇಳಿಸಿ, ಬಾಡಿಯ ಅಡಿಗೆ ಕಟ್ಟಿದ ಕನಿಷ್ಠ 50 ಲೀಟರ್‌ನ ಪ್ಲಾಸ್ಟಿಕ್ ಕ್ಯಾನ್‌ಗೆ ಬಿಡಿ. ಪೈಪಿನ ಜೋಡಣೆ ಚಾಸಿಸ್‌ನ ನೇರ ಮೇಲೆ ಬರದಂತೆ, ಸೋರಿದರೂ ಬ್ರೇಕ್ ಡ್ರಮ್ ಮೇಲೆ ಬೀಳದಂತೆ ಜಾಗ ಆರಿಸಿ. ಮೀನಿನ ನೀರು ಹೆದ್ದಾರಿಗೆ ಚೆಲ್ಲಿ ಹಿಂದೆ ಬರುವ ಬೈಕಿನವರು ಜಾರಿ ಬೀಳುವುದೂ ಇದರಿಂದ ತಪ್ಪುತ್ತದೆ.

ಬಾಡಿ ಕಟ್ಟಿಸುವ ಮುನ್ನವೇ ಈ ಲೇಖನ ಕಣ್ಣಿಗೆ ಬಿದ್ದಿದ್ದರೆ ಅದೃಷ್ಟ. ಬರೀ ಚಾಸಿಸ್ ಇರುವ ಹೊಸ ಗಾಡಿಗೆ ಮೇಲ್ತುಟಿಯ ಉದ್ದಕ್ಕೂ ಎಪಾಕ್ಸಿ, ಅದರ ಮೇಲೆ ವ್ಯಾಕ್ಸ್, ಆಮೇಲೆ ಮರದ ಬದಲು ಗಟ್ಟಿ ನೈಲಾನ್ ಅಥವಾ ದಪ್ಪ ರಬ್ಬರ್ ಪಟ್ಟಿ ಹಾಕಿಸಬಹುದು. ಬಾಡಿಯವರು ಚಾಸಿಸ್‌ಗೆ ವೆಲ್ಡ್ ಮಾಡಲು, ಮೇಲೆ ಕೆಳಗಿನ ತುಟಿಗಳಿಗೆ ತೂತು ಕೊರೆಯಲು ಬಿಡಬೇಡಿ. ವೆಲ್ಡಿಂಗ್ ಶಾಖಕ್ಕೆ ಹಿಂಬದಿಯ ಪೇಂಟ್ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದ ಶುರು. ಬಾಡಿಯ ಮೇಲೆ ವೆಲ್ಡಿಂಗ್ ಇದ್ದೇ ಇದೆ ಎಂದಾದರೆ ಬ್ಯಾಟರಿ ಕನೆಕ್ಷನ್ ತೆಗೆಸಿ, ಇಲ್ಲದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಹೋಗಬಹುದು. ಹಳೆಯ ಗಾಡಿಯಲ್ಲಿ ಮರ ಬದಲಿಸಬೇಕೆಂದರೆ ಯು ಬೋಲ್ಟ್‌ಗಳನ್ನೆಲ್ಲ ಬಿಚ್ಚಿ ಚೈನ್ ಪುಲ್ಲಿಯಿಂದ ಬಾಡಿಯನ್ನು ಒಂದಡಿ ಎತ್ತಿದರೆ ಸಾಕು, ಪೂರ್ತಿ ಇಳಿಸಬೇಕಿಲ್ಲ. ಬಾಡಿಯ ಕೆಳಗೆ ದಿಮ್ಮಿ ಕೊಟ್ಟ ಮೇಲೇ ಕೈ ಹಾಕಿ.

ಮೀನುಗಾರಿಕೆ ರಜೆಯಲ್ಲಿ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ, ಪಿಕಪ್‌ಗಳಿಗೂ ಕೆಲಸ ಕಡಿಮೆ. ಗಾಡಿ ಖಾಲಿ ನಿಂತಿದೆಯೆಂದು ಆಗಲೇ ಚಾಸಿಸ್ ಪೇಂಟ್ ಮಾಡಿಸುವವರು ಬಹಳ. ಪೇಂಟಿಗೆ ವರ್ಷದಲ್ಲೇ ಅತಿ ಕೆಟ್ಟ ಎರಡು ತಿಂಗಳು ಅವು. ಚಳಿಗಾಲದಲ್ಲಿ ಒಂದು ವಾರದ ಬಾಡಿಗೆ ಬಿಟ್ಟಾದರೂ ಪೇಂಟ್ ಮುಗಿಸಿಕೊಳ್ಳಿ. ರಜೆಯಲ್ಲಿ ಮಾಡಬೇಕಾದ್ದು ಬೇರೆ: ಮೇ ಕೊನೆಯ ಲೋಡ್ ಇಳಿದ ದಿನವೇ ಅಡಿಯಿಂದ ಮೇಲಿನ ತನಕ ತೊಳೆದು, ಹುಲ್ಲು ಮಣ್ಣಿನ ಮೇಲೆ ಬಿಡದೆ ಕಾಂಕ್ರೀಟ್ ಅಥವಾ ಜಲ್ಲಿ ನೆಲದಲ್ಲಿ, ಗಾಳಿ ಆಡುವ ಶೆಡ್‌ನಲ್ಲಿ ನಿಲ್ಲಿಸಿ. ಟಾರ್ಪಾಲ್ ನೆಲಕ್ಕೆ ತಾಗುವಂತೆ ಇಳಿಬಿಟ್ಟರೆ ನೆಲದ ತೇವವೆಲ್ಲ ಚಾಸಿಸ್‌ಗೆ ಏರುತ್ತದೆ, ಬದಿಗಳನ್ನು ಮೇಲಕ್ಕೆ ಕಟ್ಟಿ.

ವಾಣಿಜ್ಯ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಎಫ್‌ಸಿ ಹಿಂದಿನ ದಿನ ತುಕ್ಕಿನ ಮೇಲೇ ಕಪ್ಪು ಎನಾಮಲ್ ಹೊಡೆದರೆ ಅದು ಕಣ್ಣಿಗೆ ಮಾತ್ರ. ಅದಕ್ಕಿಂತ ಅಕ್ಟೋಬರ್‌ನಲ್ಲಿ ಮಳೆ ನಿಂತ ಕೂಡಲೇ ಒಂದು ಗಂಟೆ ಟಾರ್ಚ್ ಹಿಡಿದು ಅಡಿಗೆ ಹೋಗಿ. ಎದ್ದ ಪೇಂಟ್, ಕಲ್ಲು ಬಡಿದ ಗುರುತು, ತೂತು ಕಟ್ಟಿಕೊಂಡ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಡಿಸೆಂಬರ್‌ಗೆ ಎಷ್ಟು ಪ್ರೈಮರ್ ತರಬೇಕೆಂಬ ಲೆಕ್ಕ ಆಗಲೇ ಸಿಗುತ್ತದೆ.